ಗಡುವು ಮುಗಿದ ಮೇಲೆ ಬಂದ ಆಟಗಾರ್ತಿ

ನಾವು ಮೈಸೂರಿನಿಂದ ನ್ಯೂಜಿಲೆಂಡಿನ ಪೊರಿರುವಾಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಮಗಳಿಗೆ ಕಿವಿನೋವು ಶುರುವಾಯಿತು. ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರು ಬಿಳಿ ಕೂದಲಿನ ಕುಳ್ಳಗಿನ ಹೆಂಗಸು. ಕಿವಿಯೊಳಗೆ ದೀಪ ಹಾಕಿ ನೋಡುತ್ತಿದ್ದವರು ನಾನೂ ನನ್ನ ಹೆಂಡತಿಯೂ ಪಿಸುಗುಡುತ್ತಿದ್ದುದನ್ನು ಕೇಳಿಸಿಕೊಂಡು, ತಲೆ ಎತ್ತದೆಯೇ, "ಹೆದರಬ್ಯಾಡ್ರಿ, ಏನೂ ಆಗಿಲ್ಲ" ಅಂದುಬಿಟ್ಟರು. ಆ ಒಂದು ಮಾತಿಗೆ ನನ್ನ ಹೆಂಡತಿಯ ಕಣ್ಣು ತುಂಬಿಬಂತು. ಔಷಧಿ ಬರೆದುಕೊಟ್ಟ ಮೇಲೆ ಅವರು ಮಗಳ ಗಲ್ಲ ಹಿಡಿದು, "ಶನಿವಾರ ಮ್ಯಾಚ್ ಐತಿ, ಅಪ್ಪನ್ನ ಕರಕೊಂಡು ಬಾ. ಕಿವಿಗೆ ಹತ್ತಿ ಇಟ್ಕೊ, ನಾ ಭಾಳ ಒದರ್ತೀನಿ" ಅಂದರು.

ನಮ್ಮ ಮನೆಯೊಳಗೆ ಬ್ಯಾಸ್ಕೆಟ್‌ಬಾಲ್ ಬಂದದ್ದು ಹೀಗೆ.

ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದಿ ಬಂದ ಆ ಡಾಕ್ಟರ್ ಆಂಟಿ ಪೊರಿರುವಾದಲ್ಲಿ ನೆಲೆಸಿ ದಶಕಗಳೇ ಆಗಿದ್ದವು. ಗಂಡ ತೀರಿಹೋದ ಮೇಲೆ ಅವರ ಪೇಷೆಂಟಾಗಿದ್ದ ಸಮೋವಾದ ಒಬ್ಬ ಅಜ್ಜಿ, "ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡ್ತೀಯ" ಎಂದು ಗದರಿಸಿ, ತನ್ನ ಮೊಮ್ಮಗಳ ಆಟ ನೋಡಲು ಕರೆದೊಯ್ದರಂತೆ. ಅಲ್ಲಿಂದ ಮುಂದೆ ನಮ್ಮೂರಿನ ಹೆಣ್ಣುಮಕ್ಕಳ ತಂಡದ ಒಂದು ಪಂದ್ಯವನ್ನೂ ಅವರು ತಪ್ಪಿಸಿರಲಿಲ್ಲ. ಅಂಕಣದ ಪಕ್ಕದ ಮೊದಲ ಸಾಲಿನಲ್ಲಿ ತೊಡೆಯ ಮೇಲೆ ಗಿರಮಿಟ್ಟಿನ ಡಬ್ಬಿ ಇಟ್ಟುಕೊಂಡು ಕೂರುತ್ತಿದ್ದರು. ರೆಫರಿ ತಪ್ಪು ಸೀಟಿ ಊದಿದರೆ, "ಏ, ಕಣ್ಣಾಗ ಏನ್ ಹೊಯ್ಕೊಂಡೀಯೋ!" ಎಂದು ಕೂಗುತ್ತಿದ್ದರು. ಕೂಗುವುದು ಕನ್ನಡದಲ್ಲಾದ್ದರಿಂದ ಅವರನ್ನು ಯಾರೂ ಹೊರಗೆ ಹಾಕಲಿಲ್ಲ.

ಅದೊಂದು ಸಣ್ಣ ವೃತ್ತಿಪರ ಲೀಗು. ಆಟಗಾರ್ತಿಯರಿಗೆ ಸಂಬಳವಿತ್ತು, ಆದರೆ ಅದರಲ್ಲೇ ಬದುಕುವಷ್ಟು ಅಲ್ಲ. ಒಬ್ಬಳು ಬೆಳಿಗ್ಗೆ ಇಲ್ಲಿನವರು ಡೇರಿ ಅನ್ನುವ ಬೀದಿ ಮೂಲೆಯ ಅಂಗಡಿಯಲ್ಲಿ ಹಾಲು, ಬ್ರೆಡ್ಡು ಮಾರಿ ಸಂಜೆ ಆಡುತ್ತಿದ್ದಳು. ಇನ್ನೊಬ್ಬಳು ಶಾಲೆಯ ಟೀಚರ್. ತಂಡದ ಮ್ಯಾನೇಜರ್ ಹಗಲು ಟೈರ್ ಅಂಗಡಿ ನಡೆಸುತ್ತಿದ್ದ ದೊಡ್ಡ ದೇಹದ ಮನುಷ್ಯ. ನನ್ನ ಮಗಳನ್ನು ಕಂಡರೆ ಅವನಿಗೆ ಅಕ್ಕರೆ. ಅವಳನ್ನು ಆಟಗಾರ್ತಿಯರ ಬೆಂಚಿನ ಹಿಂದೆಯೇ ಕೂರಿಸಿ, ನೀರಿನ ಬಾಟಲಿ ಕೊಡುವ ಕೆಲಸ ಹಚ್ಚುತ್ತಿದ್ದ. ವೆಲ್ಲಿಂಗ್ಟನ್ನಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಅಂತ ಗೊತ್ತಾದ ಮೇಲೆ ನನಗೂ ಅಂಕ ದಾಖಲಿಸುವ ಲ್ಯಾಪ್‌ಟಾಪಿನ ಮುಂದೆ ಒಂದು ಕುರ್ಚಿ ಸಿಕ್ಕಿತು.

ಡಾಕ್ಟರ್ ಆಂಟಿ ನಿವೃತ್ತರಾದಾಗ ಲೀಗಿನವರು ಅವರನ್ನು ಆಟಗಾರರ ವರ್ಗಾವಣೆ ನೋಡಿಕೊಳ್ಳುವ ಸಮಿತಿಗೆ ಸೇರಿಸಿಕೊಂಡರು. ಒಂದು ತಂಡದಿಂದ ಇನ್ನೊಂದಕ್ಕೆ ಯಾರು, ಯಾವಾಗ, ಹೇಗೆ ಹೋಗಬಹುದು ಅನ್ನುವ ತಕರಾರುಗಳನ್ನು ತೀರ್ಮಾನಿಸುವವರು ಮೂರು ಜನ: ಆಂಟಿ, ನಿವೃತ್ತ ರೆಫರಿ ಒಬ್ಬರು, ಆಕ್ಲೆಂಡಿನ ವಕೀಲೆ ಒಬ್ಬರು. ವೀಡಿಯೊ ಕರೆ ಜೋಡಿಸಲು, ಸಭೆಯಲ್ಲಿ ನಡೆದದ್ದನ್ನು ಬರೆದುಕೊಳ್ಳಲು ಯಾರಾದರೂ ಬೇಕಿತ್ತು. "ತಮ್ಮಾ, ನೀ ಹೆಂಗೂ ಕಂಪ್ಯೂಟರ್ ಮುಂದ ಕುಂತಿರ್ತಿ, ಬಾ" ಎಂದು ಆಂಟಿ ನನ್ನನ್ನು ಎಳೆದುಕೊಂಡರು.

ಇಷ್ಟರಲ್ಲಿ ಮಗಳು ಹೈಸ್ಕೂಲಿಗೆ ಬಂದಿದ್ದಳು. ಅವಳ ಕೋಣೆಯ ಗೋಡೆಯ ಮೇಲೆ ಒಬ್ಬಳೇ ಆಟಗಾರ್ತಿಯ ಚಿತ್ರ. ಆಕೆ ನಮ್ಮ ಪೊರಿರುವಾದ ಬೀದಿಯಲ್ಲೇ ಚೆಂಡು ಪುಟಿಸಿ ಬೆಳೆದವಳು, ಈಗ ಕ್ರೈಸ್ಟ್‌ಚರ್ಚಿನ ತಂಡದಲ್ಲಿ ಆಡುತ್ತಿದ್ದಳು. ಇಡೀ ಲೀಗಿನಲ್ಲಿ ಅವಳನ್ನು ತಡೆಯಬಲ್ಲವರು ಇರಲಿಲ್ಲ. ಅಮೆರಿಕದ ಲೀಗಿನ ಮೇಲೂ ಮಗಳ ಕಣ್ಣಿತ್ತು. ಅಲ್ಲಿನ ಪಂದ್ಯಗಳು ನಮಗೆ ಮಧ್ಯಾಹ್ನದ ಹೊತ್ತಿಗೆ ಬರುತ್ತವೆ, ಊಟದ ಬಿಡುವಿನಲ್ಲಿ ಫೋನಿನಲ್ಲಿ ನೋಡುತ್ತಿದ್ದಳು. ಒಂದು ಸಂಜೆ ಸಿಟ್ಟಿನಿಂದ ಕೆಂಪಾಗಿ ಮನೆಗೆ ಬಂದಳು. ದೊಡ್ಡ ಊರಿನ ತಂಡವೊಂದು ಮಾತುಕತೆಗೆ ಅನುಮತಿ ಇಲ್ಲದ ಹೊತ್ತಿನಲ್ಲೇ ಗುಟ್ಟಾಗಿ ಮಾತಾಡಿ ಒಬ್ಬ ಮಹಾ ತಾರೆಯನ್ನು ಸೆಳೆದುಕೊಂಡಿತ್ತಂತೆ, ಸಣ್ಣ ದಂಡದಲ್ಲಿ ಪಾರಾಗಿತ್ತಂತೆ.

"ಬೇರೆಯವರು ಮಾಡಿದ್ರೆ ಬ್ಯಾನ್ ಮಾಡ್ತಾರೆ. ಸ್ಟಾರ್ ಅಂದ್ರೆ ನೋ ರೂಲ್ಸ್. ಸೋ ಅನ್‌ಫೇರ್, ಅಪ್ಪಾ!"

ನನಗೆ ಆಗ ಅದು ಅಷ್ಟು ದೊಡ್ಡ ವಿಷಯ ಅನಿಸಲಿಲ್ಲ. ಅದೇ ಪ್ರಶ್ನೆ ನಮ್ಮೂರಿಗೇ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಆ ವರ್ಷ ನಮ್ಮ ತಂಡ ಚೆನ್ನಾಗಿ ಆಡುತ್ತಿತ್ತು. ಕಪ್ಪನ್ನು ಒಮ್ಮೆಯೂ ಗೆದ್ದಿರದ ತಂಡ. ಓಟವಿತ್ತು, ಹಠವಿತ್ತು, ಬುಟ್ಟಿಯ ಕೆಳಗೆ ನಿಂತು ಅಂಕ ತರುವ ಎತ್ತರದವಳೊಬ್ಬಳು ಮಾತ್ರ ಇರಲಿಲ್ಲ. ಸೀಸನ್ ಅರ್ಧ ದಾಟಿದ ಮೇಲೆ ಒಂದು ದಿನ ಮ್ಯಾನೇಜರ್ ಮೈಕ್ ಹಿಡಿದು ಅಂಕಣದ ನಡುವೆ ನಿಂತ. ಕ್ರೈಸ್ಟ್‌ಚರ್ಚಿನ ತಾರೆ ಊರಿಗೆ ಮರಳುತ್ತಿದ್ದಾಳೆ, ಬದಲಿಗೆ ಮುಂದಿನ ವರ್ಷ ನಮ್ಮ ಇಬ್ಬರು ಹುಡುಗಿಯರು ಅಲ್ಲಿಗೆ ಹೋಗುತ್ತಾರೆ, ಎರಡೂ ತಂಡಗಳಿಗೆ ಒಪ್ಪಿಗೆಯಿದೆ ಎಂದು ಸಾರಿದ. ಇಡೀ ಸಭಾಂಗಣ ಎದ್ದು ನಿಂತಿತು. ಮಗಳು ಅಳುತ್ತಾ ಕುಣಿದಳು. ನಾನು ಪಕ್ಕಕ್ಕೆ ತಿರುಗಿ ನೋಡಿದರೆ ಆಂಟಿ ಮಾತ್ರ ಕೂತೇ ಇದ್ದರು. ಚಪ್ಪಾಳೆ ತಟ್ಟಲು ಎತ್ತಿದ ಕೈ ಹಾಗೇ ಮಡಿಲಿಗೆ ಇಳಿದಿತ್ತು.

"ಗಡುವು ಮುಗದೈತಲ್ಲೋ ತಮ್ಮಾ" ಅಂದರು.

ನಿಜ. ಲೀಗಿನ ನಿಯಮದ ಪ್ರಕಾರ ವರ್ಗಾವಣೆಗೆ ಒಂದು ಕೊನೆಯ ದಿನವಿತ್ತು, ಅದು ದಾಟಿತ್ತು. ಆಮೇಲೆ ಹೊಸಬರನ್ನು ಸೇರಿಸಿಕೊಳ್ಳಲು ಇದ್ದದ್ದು ಒಂದೇ ದಾರಿ: ತಂಡದ ಆಟಗಾರ್ತಿ ಗಾಯಗೊಂಡು ಆ ಸೀಸನ್ ಪೂರ್ತಿ ಆಡಲಾಗದಿದ್ದರೆ ಅವಳ ಬದಲಿಗೆ ಒಬ್ಬಳನ್ನು ತರಬಹುದು. ನಮ್ಮ ತಂಡದವರು ಹಿಡಿದದ್ದು ಆ ದಾರಿಯನ್ನೇ. ಬೆಂಚಿನ ಕೊನೆಯಲ್ಲಿ ಕೂರುವ ಕಿರಿಯ ಹುಡುಗಿಯೊಬ್ಬಳ ಪಾದ ಉಳುಕಿತ್ತು. ಅವಳ ಸೀಸನ್ ಮುಗಿಯಿತು, ಆ ಜಾಗಕ್ಕೆ ತಾರೆ ಬರುತ್ತಾಳೆ ಎಂದು ಅರ್ಜಿ ಹಾಕಿದರು. ದಕ್ಷಿಣದ ಒಂದು ಸಣ್ಣ ಊರಿನ ತಂಡ ಇದಕ್ಕೆ ತಕರಾರು ತೆಗೆಯಿತು. ಹೀಗೆ ಮಾತು ಸಮಿತಿಯ ಮುಂದೆ ಬಂತು.

ಆ ವಾರ ಒಬ್ಬರ ಮನೆಯಲ್ಲಿ ನಮ್ಮ ಕನ್ನಡದವರ ಊಟವಿತ್ತು. ಬಿಸಿಬೇಳೆಭಾತಿನ ತಟ್ಟೆ ಹಿಡಿದ ಬೆಂಗಳೂರಿನ ಅಂಕಲ್ ಒಬ್ಬರು ಆಂಟಿಯ ಹತ್ತಿರ ಬಂದು ನಕ್ಕರು. "ಏನ್ ಡಾಕ್ಟ್ರೇ, ಕಪ್ ಈ ಸಲ ನಮ್ದೇ ತಾನೇ? ಎಲ್ಲಾ ನಿಮ್ ಕೈಲೇ ಇದೆಯಂತೆ!"

"ನನ್ನ ಕೈಯಾಗ ಈಗ ಪ್ಲೇಟ್ ಐತ್ರಿ" ಎಂದರು ಆಂಟಿ. ಮುಂದೆ ಆ ಮಾತು ಬೆಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಕ್ರೀಡಾಂಗಣದ ಹಿಂದಿನ ಕೋಣೆಯಲ್ಲಿ ವಿಚಾರಣೆ. ಮ್ಯಾನೇಜರ್, ನಮ್ಮ ಕೋಚ್, ಸಣ್ಣ ಊರಿನ ತಂಡದ ಕೋಚಮ್ಮ, ತಾರೆ ಎಲ್ಲರೂ ಬಂದಿದ್ದರು. ಪಾದಕ್ಕೆ ಪಟ್ಟಿ ಸುತ್ತಿಕೊಂಡಿದ್ದ ಕಿರಿಯ ಹುಡುಗಿಯನ್ನೂ ಆಂಟಿ ಹೇಳಿ ಕರೆಸಿದ್ದರು. ವಕೀಲೆ ಪರದೆಯ ಮೇಲೆ ಕಾಣುತ್ತಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ, ಆಂಟಿಯ ಇಂಗ್ಲಿಷಿಗೂ ಹುಬ್ಬಳ್ಳಿಯ ಏರಿಳಿತವೇ.

ಅವರು ಎಲ್ಲಕ್ಕಿಂತ ಮೊದಲು ಹೇಳಿದ್ದು ಇದು: "ನಾನು ಪೊರಿರುವಾ ತಂಡದ ಅಭಿಮಾನಿ. ಅದು ಇಲ್ಲಿ ಎಲ್ಲರಿಗೂ ಗೊತ್ತು. ಈ ಹುಡುಗಿ ನಮ್ಮ ತಂಡಕ್ಕೆ ಬರಬೇಕು ಅನ್ನೋ ಆಸೆ ಇಲ್ಲಿರುವ ಎಲ್ಲರಿಗಿಂತ ನನಗೆ ಹೆಚ್ಚಿದೆ. ನಾನು ಈ ಕುರ್ಚಿಯಲ್ಲಿ ಇರಬಾರದು ಅಂತ ಯಾರಿಗಾದರೂ ಅನಿಸಿದರೆ ಹೇಳಿ. ಎದ್ದು ಹೋಗ್ತೀನಿ, ಬೇಜಾರಿಲ್ಲ."

ಸಣ್ಣ ಊರಿನ ಕೋಚಮ್ಮನ ಕಡೆಗೇ ಎಲ್ಲರೂ ನೋಡಿದರು. ಆಕೆ ತಲೆ ಅಲ್ಲಾಡಿಸಿದಳು. "ಹೋದ ವರ್ಷ ನಮಗೆ ಇಲ್ಲ ಅಂದದ್ದು ನೀವೇ. ಅದಕ್ಕೇ ನೀವು ಕೂತಿರಬೇಕು."

ಹೋದ ವರ್ಷ ಅವರ ಒಬ್ಬ ಆಟಗಾರ್ತಿಯ ಬೆರಳು ಮುರಿದಿತ್ತು. ಬದಲಿ ಕೇಳಿದ್ದರು. ಸೀಸನ್ ಮುಗಿಯುವ ಮೊದಲೇ ಬೆರಳು ವಾಸಿಯಾಗುತ್ತದೆ ಎಂಬ ಕಾರಣಕ್ಕೆ ಸಮಿತಿ ಒಪ್ಪಿರಲಿಲ್ಲ. ಕೊನೆಯ ಪಂದ್ಯಗಳನ್ನು ಅವರು ಏದುಸಿರು ಬಿಡುತ್ತಾ ಕೈಬೆರಳೆಣಿಕೆಯ ಹುಡುಗಿಯರೊಂದಿಗೆ ಆಡಿ ಸೋತರು. ಆಗ ಯಾವ ಪತ್ರಿಕೆಯೂ ಅದನ್ನು ಬರೆಯಲಿಲ್ಲ. ಆ ತೀರ್ಮಾನವನ್ನು ಟೈಪ್ ಮಾಡಿದವನು ನಾನೇ, ನಾನೂ ಮರೆತಿದ್ದೆ.

ಮ್ಯಾನೇಜರ್ ತನ್ನ ವಾದ ಮುಂದಿಟ್ಟ. ಗಾಯ ದೊಡ್ಡದು, ಹುಡುಗಿ ಚಿಕ್ಕವಳು, ಅವಳ ಮುಂದಿನ ಬದುಕನ್ನು ಯೋಚಿಸಿ ಈ ಸೀಸನ್ ಪೂರ್ತಿ ವಿಶ್ರಾಂತಿ ಕೊಡುತ್ತಿದ್ದೇವೆ ಎಂದ. ಮಾತಿನಲ್ಲಿ ಕಾಳಜಿಯಿತ್ತು. ನಾನು ನಂಬಿದೆ ಕೂಡ. ಆಂಟಿ ಎಲ್ಲ ಕೇಳಿಸಿಕೊಂಡು ಹುಡುಗಿಯ ಕಡೆ ತಿರುಗಿದರು.

"ನಾನು ಡಾಕ್ಟರಾಗಿ ಕೇಳ್ತಿಲ್ಲಮ್ಮ. ನಿನ್ನ ಕಾಲು ಮುಟ್ಟೋದೂ ಇಲ್ಲ. ಇವತ್ತು ಸಂಜೆ ಕೋಚ್ ಆಡು ಅಂದರೆ ಆಡ್ತೀಯಾ?"

"ಇವತ್ತು ಆಗಲ್ಲ."

"ಯಾವಾಗ ಆಗುತ್ತೆ?"

ಹುಡುಗಿ ಮ್ಯಾನೇಜರನ್ನು ನೋಡಿದಳು, ತಾರೆಯನ್ನು ನೋಡಿದಳು. ಕತ್ತು ಬಗ್ಗಿಸಿ ಹೇಳಿದಳು: "ಇನ್ನೊಂದೆರಡು ವಾರ ಬಿಟ್ಟರೆ ಆಡಬಹುದು."

ಹುಡುಗಿಯೇ ಗಾಬರಿಯಿಂದ ಮುಂದುವರಿಸಿದಳು. "ಆದರೆ ನನ್ನನ್ನು ಯಾರೂ ಬಲವಂತ ಮಾಡಿಲ್ಲ. ಕೇಳಿದರು, ನಾನೇ ಒಪ್ಪಿದೆ. ಅವಳು ಬಂದರೆ ನಾವು ಕಪ್ ಗೆಲ್ತೀವಿ. ನಾನು ಆಡೋದು ಪಂದ್ಯಕ್ಕೆ ಒಂದೆರಡು ನಿಮಿಷ, ಅಷ್ಟೇ. ನಾನು ಇಲ್ಲದಿದ್ದರೆ ಏನಾಗುತ್ತೆ?"

ತಾರೆ ಮ್ಯಾನೇಜರ್ ಕಡೆ ತಿರುಗಿದಳು. "ನನಗೆ ಜಾಗ ಖಾಲಿ ಇದೆ ಅಂತ ಹೇಳಿದ್ರಿ. ಇವಳನ್ನು ಎಬ್ಬಿಸಿ ನನ್ನನ್ನು ಕೂರಿಸ್ತೀವಿ ಅಂತ ಹೇಳಲಿಲ್ಲ." ಅವಳ ದನಿ ಏರಲಿಲ್ಲ. ಮ್ಯಾನೇಜರ್ ತನ್ನ ದೊಡ್ಡ ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದ.

ಅವರನ್ನೆಲ್ಲ ಹೊರಗೆ ಕಳಿಸಿದ ಮೇಲೆ ಸಮಿತಿಯ ಮೂವರು ಮಾತಿಗೆ ಕೂತರು. ಒಳಗೆ ಉಳಿದವನು ನಾನೊಬ್ಬನೇ. ವಕೀಲೆ ಹೇಳಿದ್ದರಲ್ಲೂ ಅರ್ಥವಿತ್ತು: ಎರಡು ತಂಡಗಳು ಒಪ್ಪಿವೆ, ಹುಡುಗಿಯೂ ಒಪ್ಪಿದ್ದಾಳೆ, ಇವಳು ಆಡಿದರೆ ಟಿವಿಯವರು ಬರುತ್ತಾರೆ, ಲೀಗ್ ಬದುಕಬೇಕಲ್ಲ. ರೆಫರಿಯವರು ನಡುವಿನ ದಾರಿಯೊಂದನ್ನು ಸೂಚಿಸಿದರು: ಈಗ ಬೇಡ, ಸೆಮಿಫೈನಲ್‌ನಿಂದ ಆಡಲಿ.

ಆಂಟಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಟಿವಿಯವರಿಗೆ ಬೇಕಾದವಳು ಅಂತ ಇವಳಿಗೆ ಬಾಗಿಲು ತೆಗೆದರೆ, ಟಿವಿಯವರಿಗೆ ಬೇಡವಾದವಳಿಗೆ ನಾಳೆ ಏನು ಹೇಳೋಣ? ಹೋದ ವರ್ಷ ಅಂಥವರಿಗೆ ಇಲ್ಲ ಅಂದೆವು. ಅವರು ಹೊರಗೆ ಕೂತಿದ್ದಾರೆ. ನಾನು ಅವರ ಮುಖ ನೋಡಬೇಕು."

ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ಮೂವರೂ ಒಂದೇ ಮಾತಿಗೆ ಬಂದರು. ತಾರೆ ಈ ಸೀಸನ್ ನಮ್ಮ ತಂಡಕ್ಕೆ ಆಡುವಂತಿಲ್ಲ. ಆಕೆಯದೂ ಕಿರಿಯ ಹುಡುಗಿಯದೂ ತಪ್ಪಿಲ್ಲ. ಮ್ಯಾನೇಜರ್ ಸೀಸನ್ ಮುಗಿಯುವವರೆಗೆ ತಂಡದಿಂದ ದೂರವಿರಬೇಕು.

ಈ ಕೊನೆಯದು ನನಗೆ ಕಷ್ಟವಾಯಿತು. ಆಂಟಿಯನ್ನು ಮನೆಗೆ ಬಿಡುವಾಗ ಕಾರಿನಲ್ಲಿ ಅಂದೇ ಬಿಟ್ಟೆ. "ಆಂಟಿ, ಅವನ ವಿಷಯದಲ್ಲಿ ಸ್ವಲ್ಪ ಜಾಸ್ತಿ ಆಯ್ತೇನೋ. ಕೆಟ್ಟವನಲ್ಲ ಅವನು. ತಂಡಕ್ಕೋಸ್ಕರ ತಾನೇ ಮಾಡಿದ್ದು?"

"ಆಗಿರಬಹುದು" ಅಂದರು. ಸ್ವಲ್ಪ ದೂರ ಹೋದ ಮೇಲೆ, ಕಿಟಕಿಯ ಹೊರಗೆ ನೋಡುತ್ತಾ, "ಅವ ಒಳ್ಳೆಯಾವ. ನನಗೂ ಗೊತ್ತೈತಿ. ಆದ್ರ ಆ ಕೂಸಿನ ಬಾಯಿಲೆ ತಾನು ಲೆಕ್ಕಕ್ಕಿಲ್ಲ ಅಂತ ಹೇಳಿಸಿಬಿಟ್ಟ ನೋಡು. ಅದೊಂದು ನನಗ ನುಂಗಾಕ ಆಗಲಿಲ್ಲ" ಅಂದರು.

ಇವತ್ತಿಗೂ ಆ ಶಿಕ್ಷೆ ಹೆಚ್ಚಾಯಿತೆಂದೇ ನನ್ನ ಭಾವನೆ. ಆದರೆ ಅವರ ಮಾತೂ ಸುಳ್ಳಲ್ಲ.

ಊರು ಸಿಟ್ಟಾಯಿತು. ಮುಂದಿನ ಪಂದ್ಯಕ್ಕೆ ಆಂಟಿ ಒಳಗೆ ಬಂದಾಗ ಹಿಂದಿನ ಸಾಲಿನವರು ಬೂ ಎಂದು ಕೂಗಿದರು. ಪ್ರತಿವಾರ ಅವರ ಡಬ್ಬಿಗೆ ಕೈ ಹಾಕಿ ಗಿರಮಿಟ್ಟು ತಿನ್ನುತ್ತಿದ್ದವರು ಎದ್ದು ಬೇರೆ ಕಡೆ ಕೂತರು. ನನ್ನ ಮಗಳು ಅವರನ್ನು ಕಂಡರೂ ಕಾಣದವಳಂತೆ ಹೋದಳು. ಆಂಟಿ ಬಿಡಲಿಲ್ಲ. ಪಂದ್ಯ ಮುಗಿದ ಮೇಲೆ ಕಾರಿನ ಹತ್ತಿರ ಅವಳ ಎದುರಿಗೆ ಬಂದು ನಿಂತರು.

"ನನ್ನ ಕೂಡ ಮಾತು ಬಿಟ್ಟೀಯೇನು?"

"ಯು ರೂಯಿನ್ಡ್ ಎವೆರಿಥಿಂಗ್, ಆಂಟಿ. ನೀವು ಯೆಸ್ ಅಂದಿದ್ರೆ ವಿ ವುಡ್ ವಿನ್."

"ಹೌದು, ಗೆಲ್ತಿದ್ವಿ" ಎಂದರು ಆಂಟಿ. ಮಗಳು ಈ ಉತ್ತರವನ್ನು ಎದುರು ನೋಡಿರಲಿಲ್ಲ. "ನೀ ಅಮೆರಿಕಾದವರಿಗೆ ಬೈತಿದ್ದಿ ಅಂತ ನಿಮ್ಮಪ್ಪ ಹೇಳ್ಯಾನ. ಅಲ್ಲಿ ಆ ದೊಡ್ಡ ತಂಡ ನಿನ್ನದಾಗಿದ್ರ, ಆಗೂ ಬೈತಿದ್ದೇನು?"

ಮಗಳು ಸಣ್ಣ ದನಿಯಲ್ಲಿ, "ಐ ಡೋಂಟ್ ನೋ" ಅಂದಳು.

"ನನಗೂ ಗೊತ್ತಿರಲಿಲ್ಲವ್ವಾ. ಆ ಖೋಲ್ಯಾಗ ಕುಂತ ಮ್ಯಾಲೆ ಗೊತ್ತಾತು."

ಮಗಳು ಆ ದಿನ ರಾಜಿಯಾಗಲಿಲ್ಲ. ನಾನೂ ಕೆದಕಲು ಹೋಗಲಿಲ್ಲ.

ಮುಂದಿನ ಶನಿವಾರ ನಡೆದದ್ದನ್ನು ಮಾತ್ರ ನಾನು ಮರೆಯಲಾರೆ. ಪಂದ್ಯಕ್ಕೆ ಸ್ವಲ್ಪ ಮೊದಲು ಬಾಗಿಲಿನ ಬಳಿ ಗದ್ದಲವೆದ್ದಿತು. ತಾರೆ ಬಂದಿದ್ದಳು. ಕ್ರೈಸ್ಟ್‌ಚರ್ಚಿನ ಪಂದ್ಯ ಆ ವಾರ ಇರಲಿಲ್ಲ. ಅಮ್ಮನ ಮನೆಗೆಂದು ಬಂದವಳು ಸಾಮಾನ್ಯ ಬಟ್ಟೆಯಲ್ಲಿ, ಟಿಕೆಟ್ ತೆಗೆದುಕೊಂಡು ಒಳಗೆ ನಡೆದು ಬಂದಳು. ಎಲ್ಲರೂ ಫೋನ್ ಎತ್ತಿ ಹಿಡಿದರು. ಅವಳು ನೆಟ್ಟಗೆ ಮೊದಲ ಸಾಲಿಗೆ ಬಂದು, ಆಂಟಿಯ ಪಕ್ಕದ ಖಾಲಿ ಕುರ್ಚಿಯನ್ನು ತೋರಿಸಿ, "ಇಲ್ಲಿ ಕೂರಬಹುದಾ?" ಎಂದು ಕೇಳಿದಳು.

ಆಂಟಿ ಜರುಗಿ ಜಾಗ ಮಾಡಿದರು, ಡಬ್ಬಿಯ ಮುಚ್ಚಳ ತೆಗೆದರು. ಹಸಿಮೆಣಸಿನ ಖಾರಕ್ಕೆ ಆ ಎತ್ತರದ ಹುಡುಗಿ ಕೆಮ್ಮಿದ್ದು ಅಂಕಣದ ಆಚೆ ಬದಿಗೂ ಕೇಳಿಸಿತು. ಹಿಂದಿನ ಸಾಲಿನವರು ನಕ್ಕರು. ಆಮೇಲೆ ಯಾರೂ ಬೂ ಎನ್ನಲಿಲ್ಲ.

ಆ ಪಂದ್ಯದ ಬಿಡುವಿನಲ್ಲಿ ತಾರೆ ಎದ್ದು ಹೋಗಿ ಪಟ್ಟಿ ಬಿಚ್ಚಿದ್ದ ಕಿರಿಯ ಹುಡುಗಿಯ ಜೊತೆ ನಿಂತಳು. ಚೆಂಡಿಗೆ ಹಾರುವ ಮೊದಲು ಪಾದವನ್ನು ಹೇಗೆ ಊರಬೇಕು ಎಂದು ತೋರಿಸಿಕೊಟ್ಟಳು. ಬೇರೆ ತಂಡದ ಆಟಗಾರ್ತಿ ನಮ್ಮ ಹುಡುಗಿಗೆ ಕಲಿಸುತ್ತಿದ್ದಳು. ನನ್ನ ಮಗಳು ನೀರಿನ ಬಾಟಲಿ ಹಿಡಿದು ಅಲ್ಲೇ ನಿಂತು ನೋಡಿದಳು. ಮನೆಗೆ ಬಂದವಳು ಅವತ್ತು ನನ್ನನ್ನು ಕೇಳಿದ್ದು ಒಂದೇ: "ಅಪ್ಪಾ, ನಾಳೆ ಡಾಕ್ಟರ್ ಆಂಟಿ ಮನೆಗೆ ಹೋಗ್ಬಹುದಾ?"

ನಮ್ಮ ತಂಡ ಸೆಮಿಫೈನಲ್ ತಲುಪಿತು. ಅಲ್ಲಿ ಕಿರಿಯ ಹುಡುಗಿಗೆ ಎಂದಿಗಿಂತ ಹೆಚ್ಚು ಆಡಲು ಸಿಕ್ಕಿತು. ಬುಟ್ಟಿಯ ಕೆಳಗೆ ತನಗಿಂತ ದೊಡ್ಡವರ ನಡುವೆ ಬಿದ್ದು ಎದ್ದು ಆಡಿದಳು, ಚೆಂಡನ್ನು ಕಿತ್ತು ತಂದಳು. ಆದರೂ ಸೋತೆವು. ಕೊನೆಯ ಗಳಿಗೆಯಲ್ಲಿ ಇನ್ನೊಂದು ಚೆಂಡು ಬುಟ್ಟಿಗೆ ಬಿದ್ದಿದ್ದರೆ ಗೆಲ್ಲುತ್ತಿದ್ದೆವು. ತಾರೆ ಇದ್ದಿದ್ದರೆ ಖಂಡಿತ ಬೀಳುತ್ತಿತ್ತು ಎಂದು ಅಲ್ಲಿದ್ದ ಎಲ್ಲರೂ ಯೋಚಿಸಿದರು, ನಾನೂ ಕೂಡ. ಜನ ಖಾಲಿಯಾದ ಮೇಲೆ ಆಂಟಿಯನ್ನು ಕರೆಯಲು ಹೋದರೆ ಅವರು ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅವರನ್ನು ನಾನು ಹಾಗೆ ನೋಡಿದ್ದೇ ಇಲ್ಲ. ಮಗಳು ಅವರ ಪಕ್ಕ ಕೂತು ಹೆಗಲಿಗೆ ತೋಳು ಹಾಕಿದಳು.

ಗೆಲುವಿನ ಆಸೆಯೇ ಇಲ್ಲದವರು ನ್ಯಾಯ ಹೇಳುವುದು ಸುಲಭ ಎಂದು ನನಗೆ ಆಮೇಲೆ ಹಲವು ಸಲ ಅನಿಸಿದೆ. ಈ ಹೆಂಗಸು ತನ್ನ ಜೀವನದ ಅತಿ ದೊಡ್ಡ ಖುಷಿಯೊಂದನ್ನು ತನ್ನ ಕೈಯಿಂದಲೇ ದೂರ ತಳ್ಳಿ, ಆ ನೋವನ್ನು ಎಲ್ಲರ ಜೊತೆ ಕೂತು ಅನುಭವಿಸಿದರು. ಅದು ನನ್ನಿಂದ ಆಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ.

ಮರುವರ್ಷ ಗಡುವಿಗೆ ಮೊದಲೇ, ಎಲ್ಲರ ಹಾಗೆ ಸಾಲಿನಲ್ಲಿ ಬಂದು, ತಾರೆ ನಮ್ಮ ತಂಡ ಸೇರಿದಳು. ಕಿರಿಯ ಹುಡುಗಿಯೂ ಉಳಿದಳು. ಆ ವರ್ಷವೂ ಕಪ್ ನಮಗೆ ಸಿಗಲಿಲ್ಲ. ಉತ್ತರದ ಶ್ರೀಮಂತ ತಂಡವೊಂದು ಫೈನಲ್‌ನಲ್ಲಿ ಸೋಲಿಸಿತು. ಆದರೆ ಫೈನಲ್‌ಗೆ ಮೊದಲು ಆ ತಂಡವೂ ಇದೇ ಹಳೆಯ ದಾರಿ ಹಿಡಿದು ವಿದೇಶದ ಹೆಸರಾಂತ ಆಟಗಾರ್ತಿಯನ್ನು ತರಲು ನೋಡಿತ್ತು. ಸಮಿತಿ ಅದೇ ಪ್ರಶ್ನೆ ಕೇಳಿತು, ಅದೇ ಉತ್ತರ ಕೊಟ್ಟಿತು. ಆಕೆ ಆಡಲಿಲ್ಲ. ಅವರು ಆಕೆಯಿಲ್ಲದೆಯೇ ನಮ್ಮನ್ನು ಸೋಲಿಸಿದರು ಅನ್ನುವುದು ಬೇರೆ ಮಾತು.

ಆ ಬೇಸಿಗೆಯ ಒಂದು ಮಧ್ಯಾಹ್ನ ಆಂಟಿಯ ಮನೆಯ ಕಂಪ್ಯೂಟರ್ ರಿಪೇರಿಗೆ ನಾನು ಹೋಗಿದ್ದಾಗ ಹೊರಗೆ ಒಂದು ಪಿಕಪ್ ಗಾಡಿ ಬಂದು ನಿಂತಿತು. ಇಳಿದವನು ಹಳೆಯ ಮ್ಯಾನೇಜರ್. ಶಿಕ್ಷೆಯ ಅವಧಿ ಮುಗಿದರೂ ಅವನು ಕ್ರೀಡಾಂಗಣದ ಕಡೆ ಬಂದಿರಲಿಲ್ಲ. ಬಾಗಿಲಲ್ಲೇ ನಿಂತು ಕ್ಯಾಪ್ ಕೈಗೆ ತೆಗೆದುಕೊಂಡ.

"ನಿಮ್ಮ ಮೇಲೆ ತುಂಬಾ ದಿನ ಸಿಟ್ಟಿತ್ತು, ಡಾಕ್ಟರ್" ಅಂದ. "ಮೊನ್ನೆ ಉತ್ತರದವರು ಅದೇ ಕೆಲಸ ಮಾಡಲು ಹೋದಾಗ ಅಂಗಡಿಯಲ್ಲಿ ಟಿವಿ ಮುಂದೆ ನಿಂತು, ಬಿಡಬೇಡಿ ಅವರನ್ನ, ಅಂತ ನಾನೇ ಕೂಗ್ತಿದ್ದೆ. ಗಿರಾಕಿಗಳೆಲ್ಲ ತಿರುಗಿ ನೋಡಿದರು."

ಆಂಟಿ ನಕ್ಕರು. ಅವನೂ ನಕ್ಕ, ಆದರೆ ಕ್ಯಾಪನ್ನು ತಿರುಗಿಸುವುದು ನಿಲ್ಲಿಸಲಿಲ್ಲ. "ಆ ಹುಡುಗಿಯ ಹತ್ತಿರ ಹೋಗಿದ್ದೆ. ಕ್ಷಮೆ ಕೇಳಿದೆ. ಏನೂ ಪರವಾಗಿಲ್ಲ ಅಂದಳು. ಪರವಾಗಿಲ್ಲ ಅನ್ನೋದು ಅವಳಿಗೆ ಅಭ್ಯಾಸ ಆಗಿಬಿಟ್ಟಿದೆ ಅಂತ ಆಗ ಗೊತ್ತಾಯಿತು ನನಗೆ."

"ನಾನೂ ನಿನಗೆ ಸ್ವಲ್ಪ ಹೆಚ್ಚೇ ಶಿಕ್ಷೆ ಕೊಟ್ಟೆ ಅನಿಸುತ್ತೆ" ಎಂದರು ಆಂಟಿ, ಇಂಗ್ಲಿಷಿನಲ್ಲಿ, ನನ್ನ ಕಡೆಗೂ ಒಮ್ಮೆ ನೋಡಿ.

ಅವನು ಯೋಚಿಸಿದ. "ಇರಬಹುದು" ಅಂದ.

ಅವನನ್ನು ಒಳಗೆ ಕರೆದು ಕೂರಿಸಿ ಆಂಟಿ ಚಹಾಕ್ಕೆ ನೀರಿಟ್ಟರು. ಮುಂದಿನ ಸೀಸನ್‌ಗೆ ಕೋಚ್ ಯಾರು ಅಂತ ಶುರುವಾದ ಅವರಿಬ್ಬರ ಜಗಳ ನಾನು ಕಂಪ್ಯೂಟರ್ ಸರಿಮಾಡಿ ಹೊರಡುವಾಗಲೂ ಮುಗಿದಿರಲಿಲ್ಲ.